ಒಮ್ಮೆ ಇಲ್ಲ ಎಂದ ಜನರಲ್

ಬೇಕರಿಯ ಹೆಂಗಸು ಮತ್ತೆ ‘ಫ್ರೌ ಜನರಲ್’ ಎಂದು ಕರೆದಾಗಲೇ ಗೆರ್ಲಿಂಡೆ ಲೋಕಾಂಪ್‌ಗೆ ತಿಳಿಯಿತು, ಸುದ್ದಿ ಊರೆಲ್ಲ ಹಬ್ಬಿದೆ ಎಂದು.

ಗೋಸ್ಲಾರ್ ಊರಿನಲ್ಲಿ ಗಂಡನ ಪದವಿಯಲ್ಲಿ ಹೆಂಡತಿಗೂ ಪಾಲುಂಟು. ಒಂದು ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೂ ವೈದ್ಯನ ಹೆಂಡತಿ ಫ್ರೌ ಡಾಕ್ಟರ್. ಏಣಿ ಹತ್ತಿದರೆ ತಲೆ ಸುತ್ತುವ ಗೆರ್ಲಿಂಡೆ ಯುದ್ಧದ ಕಾಲದಲ್ಲಿ ವಾಯುಪಡೆಯ ಫ್ರೌ ಜನರಲ್ ಆಗಿದ್ದಳು. ದೇಶ ಸೋತು ಸುಣ್ಣವಾಗಿ, ಇಂಗ್ಲಿಷರ ಜೀಪುಗಳು ಮಾರುಕಟ್ಟೆ ಚೌಕಕ್ಕೆ ಬಂದ ವಾರವೇ ಆ ಪದವಿ ಉದುರಿಹೋಯಿತು. ಆಮೇಲೆ ಬರೀ ಫ್ರೌ ಲೋಕಾಂಪ್. ಆಲೂಗಡ್ಡೆಗೆ ಸಾಲು ನಿಲ್ಲುತ್ತಿದ್ದ ಚಳಿಗಾಲದಲ್ಲಿ ಅದೂ ಹೋಗಿ, “ಏನ್ರೀ, ಹಿಂದಕ್ಕೆ ನಿಂತ್ಕೊಳ್ಳಿ, ನಿಮಗೇನು ಕೊಂಬಿದ್ಯಾ?” ಎನ್ನುವಲ್ಲಿಗೆ ಬಂದಿತ್ತು. ಹಾಗೆ ಗದರಿದ್ದು ಇದೇ ಬೇಕರಿಯ ಹೆಂಗಸು. ಈಗ ಐವತ್ತಾರನೇ ಇಸವಿಯ ಸೆಪ್ಟೆಂಬರಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹಲ್ಲು ಕಿರಿಯುತ್ತ, “ಫ್ರೌ ಜನರಲ್‌ಗೆ ಪ್ಲಮ್ ಕೇಕ್ ಕಟ್ಟಿಕೊಡ್ಲಾ? ಈಗಷ್ಟೇ ಒಲೆಯಿಂದ ತೆಗೆದದ್ದು” ಎಂದಳು. ಗೆರ್ಲಿಂಡೆ ಕೇಕು ಕಟ್ಟಿಸಿಕೊಂಡು ಮನೆಗೆ ಬಂದಳು.

ಸುದ್ದಿ ಇಷ್ಟೇ: ದೇಶಕ್ಕೆ ಮತ್ತೆ ಸೇನೆ ಬೇಕಂತೆ, ವಾಯುಪಡೆ ಬೇಕಂತೆ, ಅದಕ್ಕೆ ಹಳೆಯ ಕೈಗಳೂ ಬೇಕಂತೆ. ಆದರೆ ಕರ್ನಲ್ ದರ್ಜೆಗೆ ಮೇಲ್ಪಟ್ಟ ಹಳಬರನ್ನೆಲ್ಲ ಜರಡಿ ಹಿಡಿಯಲು ಒಂದು ಸಮಿತಿ ಕೂತಿತ್ತು. ಎಗ್ಬರ್ಟ್ ಲೋಕಾಂಪ್ ಅರ್ಜಿ ಹಾಕಿದ್ದ.

ಅರ್ಜಿ ಹಾಕದೆ ಇರುವ ಜಾಯಮಾನವೇ ಅವನದಲ್ಲ. ಮೀಸೆ ಮೂಡುವ ಮೊದಲೇ ಕೈಸರ್ ಚಕ್ರವರ್ತಿಗೆ ಪ್ರಮಾಣ ಮಾಡಿ ಯುದ್ಧಕ್ಕೆ ಹೋಗಿ, ಕಂದಕದ ಕೆಸರು ಸಾಕಾಗಿ ವಿಮಾನ ಹತ್ತಿದವನು. ಕೈಸರ್ ಓಡಿಹೋದ. ಎಗ್ಬರ್ಟ್ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಿದ, ಲೆಫ್ಟಿನೆಂಟ್ ಆದ. ಸೋತ ದೇಶ ಯುದ್ಧವಿಮಾನ ಇಟ್ಟುಕೊಳ್ಳುವಂತಿರಲಿಲ್ಲವಾದ್ದರಿಂದ ಪ್ರವಾಸಿಯ ವೇಷದಲ್ಲಿ ರಷ್ಯಾಕ್ಕೆ ಹೋಗಿ ಕದ್ದುಮುಚ್ಚಿ ಹಾರಾಟ ಕಲಿಸಿದ. ಗಣರಾಜ್ಯ ಮಗುಚಿತು. ಎಗ್ಬರ್ಟ್ ಹಿಟ್ಲರನಿಗೆ ಪ್ರಮಾಣ ಮಾಡಿದ, ಮೇಜರ್ ಆದ. ಸ್ಪೇನ್, ಪೋಲೆಂಡ್, ಕ್ರೀಟ್, ನಾರ್ವೆ ಎಲ್ಲ ಸುತ್ತಿ, ಮೂರು ಎಂಜಿನ್ನಿನ ಸಾಗಣೆ ವಿಮಾನಗಳ ದೊಡ್ಡ ದಳಕ್ಕೆ ಒಡೆಯನಾದ. ಸ್ಟಾಲಿನ್‌ಗ್ರಾಡಿನ ಚಳಿಗಾಲ ಮುಗಿಯುವ ಹೊತ್ತಿಗೆ ಮೇಜರ್ ಜನರಲ್. ಪ್ರತಿ ಪ್ರಮಾಣಕ್ಕೂ ಒಂದೊಂದು ಬಡ್ತಿ ಕೊಟ್ಟ ದೇಶ, ಕೊನೆಗೆ ಇಂಗ್ಲಿಷರ ಸೆರೆಶಿಬಿರ ತೋರಿಸಿ, ಒಂದು ಟ್ರಂಕಿನ ಜೊತೆ ಮನೆಗೆ ಕಳಿಸಿತು. ಆವತ್ತಿನಿಂದ ಅವನು ಬಾಗಿಲು ಬಾಗಿಲಿಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರುತ್ತಿದ್ದ. ಗಾಳಿಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಗಾಳಿ ಹೀರುವ ಯಂತ್ರವೇ ಅನ್ನ ಹಾಕಿತು ಎಂದು ಊರಿನವರು ನಗುತ್ತಿದ್ದರು.

ಅದೇ ಸ್ಟಾಲಿನ್‌ಗ್ರಾಡಿನ ಚಳಿಗಾಲದಲ್ಲಿ ಅವರ ಒಬ್ಬನೇ ಮಗ ವೋಲ್ಕ್‌ಮಾರ್ ಸತ್ತಿದ್ದ. ಅಪ್ಪನ ದಳದಲ್ಲೇ ರೇಡಿಯೋ ನೋಡಿಕೊಳ್ಳುವ ಹುಡುಗ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ, ಆ ಸಂದಿಯಿಂದಲೇ ಸಿಳ್ಳೆ ಹೊಡೆದು ತಾಯಿಯನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ಬ್ರೆಡ್ಡು ಹೊತ್ತುಕೊಂಡು ಮಂಜಿನಲ್ಲಿ ಮೇಲೆದ್ದ ವಿಮಾನ, ರೆಕ್ಕೆಗೆ ಹೆಪ್ಪುಗಟ್ಟಿದ ಹಿಮದ ಭಾರಕ್ಕೆ ರನ್‌ವೇಯ ಆಚೆಯೇ ಮಗುಚಿತು. ಶವ ಕೂಡ ಮನೆಗೆ ಬರಲಿಲ್ಲ. ಬಂದದ್ದು ಎಗ್ಬರ್ಟ್, ಭುಜದ ಮೇಲೆ ಜನರಲ್ ದರ್ಜೆಯ ಹೊಸ ಪಟ್ಟಿ ಹೊತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು ಹೇಳಿದ್ದ:

“ಮೇಲಿನಿಂದ ಬಂದ ಆಜ್ಞೆ, ಗೆರ್ಲಿಂಡೆ. ಇಲ್ಲ ಅನ್ನೋ ಹಾಗೇ ಇರ್ಲಿಲ್ಲ. ಅಂದಿದ್ರೆ ನನ್ನನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಿದ್ರು. ನನ್ನ ಜಾಗಕ್ಕೆ ಇನ್ನೊಬ್ಬ ಬಂದು ಅದೇ ವಿಮಾನ ಹಾರಿಸ್ತಿದ್ದ. ಮಗು ಹೇಗಿದ್ರೂ ಹೋಗ್ತಿತ್ತು.”

ಈ ಮಾತನ್ನು ಹಿಡಿದುಕೊಂಡೇ ಗೆರ್ಲಿಂಡೆ ಇಷ್ಟು ವರ್ಷ ಬದುಕಿದ್ದಳು. ತಪ್ಪಿಸಲಾಗದ್ದಕ್ಕೆ ಯಾರನ್ನು ದೂರುವುದು? ಈ ಮಾತಿನ ಬಲದಿಂದಲೇ ಅವನಿಗೆ ಸೂಪು ಬಡಿಸುತ್ತಿದ್ದಳು, ಅವನ ಕಾಲುಚೀಲ ಹೊಲಿಯುತ್ತಿದ್ದಳು, ಅವನ ಪಕ್ಕದಲ್ಲೇ ಮಲಗಿ ನಿದ್ದೆಯನ್ನೂ ಮಾಡುತ್ತಿದ್ದಳು. ನಲವತ್ತೇಳರಲ್ಲಿ ಹಳೆಯ ಆಡಳಿತದವರನ್ನೆಲ್ಲ ವಿಚಾರಣೆ ಮಾಡಿದಾಗ ಇದೇ ಅಡುಗೆಮನೆಯಲ್ಲಿ ಗಂಡ ಹೆಂಡತಿ ಪರೀಕ್ಷೆಗೆ ಓದುವ ಮಕ್ಕಳ ಹಾಗೆ ತಾಲೀಮು ಮಾಡಿದ್ದರು. ಅವಳು ನ್ಯಾಯಾಧೀಶ, ಅವನು ಆರೋಪಿ. ‘ಆಜ್ಞೆಯನ್ನು ಯಾಕೆ ಧಿಕ್ಕರಿಸಲಿಲ್ಲ?’ ‘ಅವಕಾಶವೇ ಇರಲಿಲ್ಲ.’ ಪಾದ್ರಿಯೂ ಪಶುವೈದ್ಯನೂ ಇವನು ಒಳ್ಳೆಯವನೆಂದು ಪತ್ರ ಬರೆದುಕೊಟ್ಟರು. ಆಗ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಅಂಥ ಪತ್ರ ಬರೆದುಕೊಡುತ್ತಿದ್ದರು, ಮೈಯ ಕೊಳೆ ತೊಳೆಯಲು ಸೋಪು ಕೊಟ್ಟಷ್ಟೇ ಧಾರಾಳವಾಗಿ. ಎಗ್ಬರ್ಟ್ ತೊಳೆದ ಮುತ್ತಿನಂತೆ ಹೊರಬಂದ.

ಈಗ ಮತ್ತೆ ತಾಲೀಮು. ಶನಿವಾರ ಮಧ್ಯಾಹ್ನ, ಅವನ ಹಳೆಯ ಸಹಾಯಕ ಅಧಿಕಾರಿ ಕೂನೊ ವೆಸ್ಲಿಂಗ್ ತನ್ನ ಕಾರಿನಲ್ಲಿ ಬಂದಿಳಿದ. ಯುದ್ಧದಲ್ಲಿ ಎಗ್ಬರ್ಟನ ಚೀಲ ಹಿಡಿಯುತ್ತಿದ್ದವನು ಈಗ ಹ್ಯಾನೋವರಿನಲ್ಲಿ ಮೂರು ಅಂಗಡಿಗಳ ಯಜಮಾನ. ಆದರೂ ಬಾಗಿಲಲ್ಲಿ ಹಿಮ್ಮಡಿ ಕೂಡಿಸಿ ನಿಂತ.

“ಹೆರ್ ಜನರಲ್! ಫ್ರೌ ಜನರಲ್! ಆಹಾ, ಪ್ಲಮ್ ಕೇಕು. ನನ್ನ ಮೂಗಿಗೆ ಬೀದಿಯಲ್ಲೇ ಗೊತ್ತಾಗಿತ್ತು.”

ಊಟದ ಮೇಜಿಗೆ ಕೂತು ಶುರುಮಾಡಿದರು. ಪ್ರಶ್ನೆ ಕೇಳುವವಳು ಎಂದಿನಂತೆ ಗೆರ್ಲಿಂಡೆ. ಕಾಫಿ ಬಗ್ಗಿಸುತ್ತಲೇ ದಪ್ಪ ದನಿ ಮಾಡಿ ಕೇಳಿದಳು:

“ಹೆರ್ ಲೋಕಾಂಪ್, ನಿಮ್ಮ ಮನಸ್ಸಿಗೆ ಒಪ್ಪದ ಆಜ್ಞೆ ಬಂದಾಗ ಏನು ಮಾಡ್ತಿದ್ರಿ?”

“ಅವಕಾಶವೇ ಇರಲಿಲ್ಲ, ಅಧ್ಯಕ್ಷರೇ,” ಎಂದ ಎಗ್ಬರ್ಟ್, ಎದೆ ಸೆಟೆಸಿ.

ಕೂನೊ ತುಂಬಿದ ಬಾಯಲ್ಲೇ ಕೈ ಅಡ್ಡ ಹಿಡಿದ. “ಬೇಡ ಬೇಡ ಬೇಡ. ಹೆರ್ ಜನರಲ್, ಆ ಉತ್ತರ ನಲವತ್ತೇಳಕ್ಕೆ ಸರಿ. ಈಗ ಅದು ಓಡಲ್ಲ. ಈಗಿನವರಿಗೆ ತಲೆ ಆಡಿಸೋ ಬಸವ ಬೇಡ. ಮನಸ್ಸಾಕ್ಷಿ ಇದ್ಯಾ ಅಂತಾರೆ, ಸಮವಸ್ತ್ರ ಹಾಕ್ಕೊಂಡ ನಾಗರಿಕ ಅಂತಾರೆ, ಏನೇನೋ ಅಂತಾರೆ. ‘ಒಂದ್ಸಲನಾದ್ರೂ ಇಲ್ಲ ಅಂದಿದ್ದೀರಾ?’ ಅಂತ ಕೇಳೇ ಕೇಳ್ತಾರೆ. ನಮ್ಮ ದಳದ ಶ್ಟೆಫೆನ್ಸ್‌ನ ಆ ಪ್ರಶ್ನೆಯಲ್ಲೇ ಕೆಡವಿದ್ದು.”

“ಅಂದ್ರೆ ಸುಳ್ಳು ಹೇಳು ಅಂತೀಯಾ?”

“ಸುಳ್ಳ್ಯಾಕೆ? ನಾರ್ವೆ ಮರ್ತ್ರಾ?”

ಎಗ್ಬರ್ಟ್ ಹೆಂಡತಿಯ ಕಡೆ ಒಮ್ಮೆ ನೋಡಿ, “ಅದೆಲ್ಲ ಈಗ್ಯಾಕೆ?” ಎಂದ. ಕೂನೊನಿಗೆ ಆ ನೋಟ ಕಾಣಲಿಲ್ಲ. ಕೇಕಿನ ಮೇಲೆ ಕೆನೆ ಸುರಿದುಕೊಳ್ಳುತ್ತಿದ್ದ.

“ಫ್ರೌ ಜನರಲ್, ನೀವು ನೋಡ್ಬೇಕಿತ್ತು ಇವರನ್ನ! ಅಕ್ಟೋಬರು. ಮಂಜು ಅಂದ್ರೆ ಮಂಜು, ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಆಗಷ್ಟೇ ಹೊಸ ವಿಮಾನ ಬಂದಿದ್ವು, ಬಣ್ಣದ ವಾಸನೆ ಹೋಗಿರ್ಲಿಲ್ಲ. ಸಾಮಾನು ಹೊತ್ಕೊಂಡು ಕೂಡ್ಲೇ ಹೊರಡಿ ಅಂತ ಓಸ್ಲೋದ ಮುಖ್ಯ ಕಚೇರಿಯಿಂದ ಆಜ್ಞೆ. ಇವರು ಫೋನ್ ಎತ್ಕೊಂಡು ‘ಈ ಮಂಜಲ್ಲಿ ನನ್ನ ಒಂದು ವಿಮಾನನೂ ಏಳಲ್ಲ’ ಅಂದೇಬಿಟ್ರು!”

“ಆಮೇಲೆ?” ಎಂದಳು ಗೆರ್ಲಿಂಡೆ.

“ಆಮೇಲೇನು? ಆ ಕಡೆ ಸ್ವಲ್ಪ ಹೊತ್ತು ಕಿರುಚಾಟ. ಆಮೇಲೆ ‘ಸರಿ, ಮಂಜು ಹೋದ್ಮೇಲೆ ನೋಡಿ’ ಅಂತ ಫೋನ್ ಇಟ್ರು. ನಾವು ಊಟಕ್ಕೆ ಹೋದ್ವಿ. ಮೀನಿತ್ತು ಅವತ್ತು.”

“ಶಿಕ್ಷೆ?”

“ಎಂಥಾ ಶಿಕ್ಷೆ! ವಿಮಾನ ಉಳಿಸಿದ್ರು ಅಂತ ಶಭಾಷ್ ಅಂದ್ರು. ಅದೇ ನೋಡಿ, ಹೆರ್ ಜನರಲ್, ಇದನ್ನ ಸಮಿತಿ ಮುಂದೆ ಹೇಳಿ. ನೀವು ಗೆದ್ದ ಹಾಗೆ.”

ಗೆರ್ಲಿಂಡೆ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಕೂನೊ ಉಳಿದ ಕೇಕನ್ನೂ ಕಾಗದದಲ್ಲಿ ಸುತ್ತಿಸಿಕೊಂಡು, ಮತ್ತೊಮ್ಮೆ ಹಿಮ್ಮಡಿ ಕೂಡಿಸಿ ಹೊರಟ. ಕಾರಿನ ಸದ್ದು ಬೀದಿಯ ತಿರುವು ದಾಟುವ ತನಕ ಅವಳು ಬಾಗಿಲಲ್ಲೇ ನಿಂತಿದ್ದು ಒಳಗೆ ಬಂದಳು.

“ನಾರ್ವೆ ಅಕ್ಟೋಬರ್‌ನಲ್ಲಿ. ಯಾವ ವರ್ಷ?”

“ಗೆರ್ಲಿಂಡೆ, ಅದು ಬೇರೆ, ಇದು ಬೇರೆ.”

“ಯಾವ ವರ್ಷ?”

“ನಲವತ್ತೆರಡು.”

“ವೋಲ್ಕ್‌ಮಾರ್ ಹೋಗಿದ್ದು ಅದಾದ್ಮೇಲಿನ ಜನವರಿ. ಆಗಲೂ ಮಂಜೇ. ಅಲ್ಲೂ ಫೋನ್ ಇತ್ತಲ್ಲ?”

“ಅದು ಸ್ಟಾಲಿನ್‌ಗ್ರಾಡ್! ಅಲ್ಲಿ ಇಡೀ ಸೈನ್ಯ ಹಸಿವಿಂದ ಸಾಯ್ತಿತ್ತು. ಮೇಲಿನವರ ಕಣ್ಣೆಲ್ಲ ನಮ್ಮ ಮೇಲೇ. ನಿನಗೆ ಇದೆಲ್ಲ ಅರ್ಥ ಆಗಲ್ಲ.”

“ನನಗೆ ಅರ್ಥ ಆಗೋ ಹಾಗೆ ಒಂದು ಹೇಳು. ಆ ಬೆಳಿಗ್ಗೆ ಆಜ್ಞೆ ಬಂತಾ?”

ಎಗ್ಬರ್ಟ್ ಕಿಟಕಿಯ ಕಡೆ ತಿರುಗಿದ. ಅವನ ಬೆನ್ನು ಇನ್ನೂ ನೆಟ್ಟಗಿತ್ತು, ಕವಾಯತಿನ ಬೆನ್ನು. “ಫೋನ್ ಬಂತು,” ಎಂದ. “ಹವಾಮಾನ ಹೇಗಿದೆ, ಹಾರಬಹುದಾ ಅಂತ ಕೇಳಿದ್ರು.”

“ಕೇಳಿದ್ರಾ?”

“ಹೂಂ.”

“ನೀನೇನಂದೆ?”

“ಹಾರಬಹುದು ಅಂದೆ. ಎಲ್ಲಾ ದಳದವರೂ ಹಾಗೇ ಅಂತಿದ್ರು. ನಾನೊಬ್ಬ ಆಗಲ್ಲ ಅಂದ್ರೆ ಏನು ಮರ್ಯಾದೆ? ಅದೂ ಬಡ್ತಿ ಪಟ್ಟಿ ಬರ್ಲಿನ್‌ನಲ್ಲಿ ಕೂತಿದ್ದಾಗ!” ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

ಆಜ್ಞೆಯೇ ಇರಲಿಲ್ಲ. ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವವರು ಯಾರೂ ಇರಲಿಲ್ಲ. ಒಬ್ಬ ಮನುಷ್ಯ ಫೋನಿನಲ್ಲಿ ಹವೆ ಹೇಗಿದೆಯೆಂದು ಕೇಳಿದ್ದ, ನೆರೆಮನೆಯವರು ಬಟ್ಟೆ ಒಣಹಾಕಲೇ ಎಂದು ಕೇಳುವ ಹಾಗೆ. ಹೊಸ ವಿಮಾನಗಳಿಗಾಗಿ ಬಾಯಿ ಬಿಟ್ಟವನಿಗೆ ಮಗನಿಗಾಗಿ ಬಾಯಿ ಬರಲಿಲ್ಲ. ಆ ರಾತ್ರಿಯೇ ಗೆರ್ಲಿಂಡೆ ಹಾಸಿಗೆಯನ್ನು ಹೊಲಿಗೆಯ ಕೋಣೆಗೆ ಎಳೆದುಕೊಂಡಳು. ಬೆನ್ನು ನೋವಿರಬೇಕೆಂದು ಎಗ್ಬರ್ಟ್ ಅಂದುಕೊಂಡ, ಅಥವಾ ಹಾಗೆ ಅಂದುಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು.

ಸಮಿತಿಯ ಮುಂದೆ ಅವನು ನಾರ್ವೆಯ ಕಥೆ ಹೇಳಿ ಬಂದ. ಹೊಸ ವಿಮಾನಗಳ ಮಾತು ಬಿಟ್ಟು, ‘ನನ್ನ ಹುಡುಗರ ಪ್ರಾಣ’ ಎಂದು ಸೇರಿಸಿದ. ಚೆನ್ನಾಗಿಯೇ ನಡೆಯಿತಂತೆ. ಆದರೆ ಸದಸ್ಯರೊಬ್ಬರು ಗೋಸ್ಲಾರ್ ಪಕ್ಕದ ಹಾರ್ಟ್ಸ್ ಬೆಟ್ಟಗಳ ಕಡೆ ಬರುವವರಿದ್ದರು. ಮನುಷ್ಯನನ್ನು ಮನೆಯಲ್ಲೂ ನೋಡಬೇಕೆಂಬುದು ಅವರ ಹಟ. ಅಕ್ಟೋಬರಿನ ಒಂದು ಭಾನುವಾರ ಕಾಫಿಗೆ ಬರುತ್ತೇನೆಂದರು.

ಅವರ ಹೆಸರು ಡಾಕ್ಟರ್ ಊಲೆನ್‌ಬ್ರೋಕ್. ವೈದ್ಯರಲ್ಲ, ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಹಿಟ್ಲರ್ ಬಂದ ಮರುವರ್ಷ ಅವನಿಗೆ ಪ್ರಮಾಣ ಮಾಡಲು ಒಪ್ಪದೆ ಕೆಲಸ ಕಳೆದುಕೊಂಡು, ಹನ್ನೊಂದು ವರ್ಷ ತೋಟದ ಕೆಲಸ ಮಾಡಿ ಹೊಟ್ಟೆ ಹೊರೆದವರು. ಗೆರ್ಲಿಂಡೆಗೆ ಇದು ಗೊತ್ತಾದಾಗ ಅವಳ ಮನಸ್ಸು ಗಟ್ಟಿಯಾಯಿತು. ಇಂಥವರಿಗೆ ಹೇಳಿದರೆ ಅರ್ಥವಾಗುತ್ತದೆ. ಇಂಥವರ ಮುಂದೆ ನಿಜ ನಿಂತರೆ ಎಗ್ಬರ್ಟನ ಹೊಸ ಸಮವಸ್ತ್ರ ದರ್ಜಿಯ ಅಂಗಡಿಯಲ್ಲೇ ಕೊಳೆಯುತ್ತದೆ. ಮಗನಿಗೆ ಅಷ್ಟಾದರೂ ನ್ಯಾಯ ಸಿಗಲಿ ಎಂದುಕೊಂಡಳು. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ.

ಡಾಕ್ಟರ್ ಊಲೆನ್‌ಬ್ರೋಕ್ ಒದ್ದೆ ಕೊಡೆಯನ್ನು ಬಾಗಿಲ ಹೊರಗೇ ಇಟ್ಟು, ಶೂ ಚೆನ್ನಾಗಿ ಉಜ್ಜಿ ಒಳಗೆ ಬಂದರು. ಸಾಧು ಮನುಷ್ಯ. ಎರಡನೇ ತುಂಡು ಕೇಕಿಗೆ ತಾವೇ ತಟ್ಟೆ ಚಾಚಿದರು. ಹವೆ, ರೈಲು, ಬೆಲೆ ಎಲ್ಲ ಮಾತಾಡಿ ಮುಗಿದ ಮೇಲೆ ಮೆಲ್ಲಗೆ ಅವಳ ಕಡೆ ತಿರುಗಿದರು.

“ಫ್ರೌ ಜನರಲ್, ನಿಮ್ಮ ಯಜಮಾನರು ನಾರ್ವೆ ವಿಷಯ ಹೇಳಿದ್ರು. ಆಗ ನಿಮಗೆ ಭಯ ಆಗಿರಬೇಕು, ಅಲ್ವಾ?”

“ನನಗೆ ಅದು ಗೊತ್ತಾಗಿದ್ದೇ ಹೋದ ತಿಂಗಳು,” ಎಂದಳು ಗೆರ್ಲಿಂಡೆ. “ಭಯ ಪಡೋಂಥದ್ದು ಏನೂ ಇರ್ಲಿಲ್ಲ, ಹೆರ್ ಡಾಕ್ಟರ್. ಒಂದು ಫೋನು. ಇಲ್ಲ ಅಂದ್ರು. ಆಮೇಲೆ ಮೀನು ತಿಂದ್ರು. ಇಲ್ಲ ಅನ್ನೋದು ಅಷ್ಟು ಸಲೀಸಾಗಿತ್ತು.”

ಎಗ್ಬರ್ಟ್ ಚಮಚ ಕೆಳಗಿಟ್ಟ.

“ಮೂರು ತಿಂಗಳಾದ್ಮೇಲೆ ಸ್ಟಾಲಿನ್‌ಗ್ರಾಡ್,” ಅವಳು ನಿಲ್ಲಿಸಲಿಲ್ಲ. “ಅದೇ ಮಂಜು. ಅವತ್ತು ಆಜ್ಞೆ ಕೂಡ ಬಂದಿರ್ಲಿಲ್ಲ. ಹಾರಬಹುದಾ ಅಂತ ಕೇಳಿದ್ರು. ಆ ವಿಮಾನದಲ್ಲಿ ನಮ್ಮ ಮಗ ಇದ್ದ, ಇವರಿಗೆ ಗೊತ್ತಿತ್ತು. ಬಡ್ತಿ ಪಟ್ಟಿ ಬರ್ಲಿನ್‌ನಲ್ಲಿತ್ತು, ಅದೂ ಗೊತ್ತಿತ್ತು. ಹಾರಬಹುದು ಅಂದ್ರು. ಮಗ ಸತ್ತ. ಇವರು ಜನರಲ್ ಆದ್ರು. ಇಷ್ಟು ವರ್ಷ ನನ್ನ ಹತ್ರ ಬೇರೇನೋ ಹೇಳ್ಕೊಂಡು ಬಂದ್ರು. ಇದನ್ನ ನಿಮಗೆ ಹೇಳ್ಬೇಕು ಅಂತಾನೇ ಕಾಯ್ತಿದ್ದೆ.”

ಎಗ್ಬರ್ಟನ ಮುಖ ಬಿಳಿಚಿಕೊಂಡಿತ್ತು. ಡಾಕ್ಟರ್ ಊಲೆನ್‌ಬ್ರೋಕ್ ಕನ್ನಡಕ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು.

“ನಿಮ್ಮ ಸ್ವಂತ ಮಗ ಆ ವಿಮಾನದಲ್ಲಿದ್ದನಾ?” ಎಂದು ಎಗ್ಬರ್ಟನನ್ನು ಕೇಳಿದರು. “ಇದನ್ನ ನೀವು ಸಮಿತಿ ಮುಂದೆ ಹೇಳಲೇ ಇಲ್ಲ.”

“ಹೇಳೋಂಥದ್ದಲ್ಲ,” ಎಂದ ಎಗ್ಬರ್ಟ್. ಅವನ ಮಟ್ಟಿಗೆ ಅದು ನಿಜವೇ.

“ಹಸಿದ ಸೈನಿಕರಿಗೆ ಬ್ರೆಡ್ಡು ಕಳಿಸಬೇಕಾದಾಗ ಬೇರೆಯವರ ಮಕ್ಕಳ ಜೊತೆ ನಿಮ್ಮ ಮಗನನ್ನೂ ಕಳಿಸಿದ್ರಿ. ಅವನನ್ನ ಮಾತ್ರ ಇಳಿಸ್ಕೊಳ್ಳಲಿಲ್ಲ. ನಮ್ಮ ಮುಂದೆ ಎಂಥೆಂಥವರೋ ಬರ್ತಾರೆ, ಎಲ್ಲ ತಪ್ಪನ್ನೂ ಮೇಲಿನವರ ತಲೆಗೆ ಕಟ್ಟೋರೇ. ಆಜ್ಞೆ ಇರ್ಲಿಲ್ಲ, ನಾನೇ ಹೇಳಿದ್ದು ಅಂತ ಹೆಂಡತಿ ಹತ್ರ ಒಪ್ಕೊಂಡವರನ್ನ ನಾನು ಇವತ್ತೇ ನೋಡ್ತಿರೋದು.”

“ಹೆರ್ ಡಾಕ್ಟರ್,” ಗೆರ್ಲಿಂಡೆಯ ದನಿ ಏರಿತು, “ನಾನು ಹೇಳಿದ್ದು ನಿಮಗೆ ಕೇಳಿಸ್ತಾ? ಹಸಿದವರಿಗೋಸ್ಕರ ಅಲ್ಲ. ಬಡ್ತಿಗೋಸ್ಕರ. ಆ ವಿಮಾನ ತಲುಪಲ್ಲ ಅಂತ ಅಲ್ಲಿದ್ದ ಅಡುಗೆಯವನಿಗೂ ಗೊತ್ತಿತ್ತು!”

ಅವರು ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ತಾಯಿಗೆ ಹಾಗೇ ಅನ್ಸುತ್ತಮ್ಮ. ಹಾಗೆ ಅನ್ನೋ ಹಕ್ಕು ನಿಮಗಿದೆ. ಅದನ್ನ ನಿಮ್ಮ ಬಾಯಿಂದ ಕೂತು ಕೇಳಿಸ್ಕೊಳ್ಳೋ ತಾಕತ್ತು ಇವರಿಗಿದೆ ನೋಡಿ, ಅದಕ್ಕೆ ನಾನು ತಲೆ ಬಾಗ್ತೀನಿ.”

ಅವಳು ಕೈ ಎಳೆದುಕೊಂಡಳು. ಇದ್ದದ್ದೆಲ್ಲ ಹೇಳಿಯಾಗಿತ್ತು. ನೋಡುತ್ತ ನೋಡುತ್ತ ಗಂಡನ ಮುಖಕ್ಕೆ ರಕ್ತ ಮರಳಿ ಬಂತು. ಮೊದಲು ಕಿವಿಗೆ, ಆಮೇಲೆ ಕೆನ್ನೆಗೆ. ಡಾಕ್ಟರ್ ಊಲೆನ್‌ಬ್ರೋಕ್ ಹೊರಡುವಾಗ ಎಗ್ಬರ್ಟ್ ತಾನೇ ಅವರ ಕೊಡೆಯನ್ನು ಬಿಡಿಸಿ ಕೊಟ್ಟ.

ಬಾಗಿಲು ಹಾಕಿ ಬಂದವನು ಗೆರ್ಲಿಂಡೆಯ ಭುಜ ಹಿಡಿದು ಅಲ್ಲಾಡಿಸಿದ. “ನಾನು ಸತ್ತೇ ಹೋದೆ ಅಂದ್ಕೊಂಡಿದ್ದೆ ಕಣೇ! ನಾನೇ ಹೇಳಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ. ಎಲ್ಲಿ ಕಲಿತೆ ಇದನ್ನ?” ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೃತಜ್ಞನಾಗಿದ್ದ, ಅದೇ ಸಹಿಸಲಾಗದ್ದು. ಅವಳು ಅವನ ಕೈ ಕೊಡವಿ, ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಿಂಕಿನ ಮುಂದೆ ನಿಂತು ತನ್ನ ಬಾಯಿಯನ್ನೇ ಶಪಿಸಿಕೊಂಡಳು. ಮಗನ ಪರವಾಗಿ ತೆರೆದ ಬಾಯಿ ಗಂಡನಿಗೆ ಜನರಲ್ ಪದವಿಯ ನಕ್ಷತ್ರ ಕೊಡಿಸಿತ್ತು.

ನೇಮಕದ ಆದೇಶ ನವೆಂಬರಿನಲ್ಲಿ ಬಂತು. ಹೊಸ ವಾಯುಪಡೆಯ ಜನರಲ್, ದಕ್ಷಿಣದಲ್ಲಿ ತರಬೇತಿ ನೆಲೆ, ವಾಸಕ್ಕೆ ಬಂಗಲೆ. ಎಗ್ಬರ್ಟ್ ತನ್ನ ಬದುಕಿನ ನಾಲ್ಕನೆಯ ನಿಷ್ಠೆಯ ಪ್ರಮಾಣ ಮಾಡಲು ಹೊರಟುನಿಂತ. ಹೊಸ ನೀಲಿಬೂದು ಸಮವಸ್ತ್ರ ಮೈಗೆ ಹೇಳಿ ಮಾಡಿಸಿದಂತಿತ್ತು. ಟ್ರಂಕನ್ನು ಕೋಣೆಯ ನಡುವೆ ಎಳೆದಿಟ್ಟು, ಕನ್ನಡಿಯಲ್ಲಿ ನೋಡಿಕೊಳ್ಳುತ್ತಲೇ ಹೇಳಿದ:

“ನಿನ್ನ ಬಟ್ಟೇನೂ ಇದಕ್ಕೇ ತುಂಬು. ಆ ಕಪ್ಪು ರೇಷ್ಮೆ ಬೇಡ, ತಿಳಿ ಬಣ್ಣದ್ದು ಏನಾದ್ರೂ ತಗೋ. ಮೊದಲ ದಿನವೇ ಸ್ವಾಗತ ಕೂಟ ಇದೆ, ನೀನು ನನ್ನ ಪಕ್ಕ ನಿಂತಿರ್ಬೇಕು.”

“ಇಲ್ಲ,” ಎಂದಳು ಗೆರ್ಲಿಂಡೆ.

“ಏನಿಲ್ಲ?”

“ನಾನು ಬರಲ್ಲ. ಇವತ್ತೂ ಇಲ್ಲ, ಆಮೇಲೂ ಇಲ್ಲ.”

ಮದುವೆಯಾದ ಮೇಲೆ ಆ ಮನುಷ್ಯನಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. ಅವನು ಗರ್ಜಿಸುತ್ತಾನೆ, ಕನ್ನಡಿ ಒಡೆಯುತ್ತಾನೆ, ಕೈ ಎತ್ತಿದರೂ ಎತ್ತಬಹುದು ಎಂದು ಹೆದರಿ ಮಂಚದ ಕಂಬಿ ಹಿಡಿದು ನಿಂತಳು. ಎಗ್ಬರ್ಟ್ ಕನ್ನಡಿಯಿಂದ ತಿರುಗಿದ.

“ಜನ ಏನಂದ್ಕೋತಾರೆ?” ಎಂದ. ಅವಳು ಕಂಬಿ ಬಿಡಲಿಲ್ಲ. “ಸರಿ ಹಾಗಾದ್ರೆ. ಹುಷಾರಿಲ್ಲ ಅಂತ ಹೇಳ್ತೀನಿ.” ಮತ್ತೆ ಕನ್ನಡಿಗೆ ತಿರುಗಿ ಕಾಲರಿನ ಗುಂಡಿ ಹಾಕಿಕೊಳ್ಳತೊಡಗಿದ.

ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಗೆರ್ಲಿಂಡೆ ಕಾದಳು, ಇನ್ನೇನಾದರೂ ಆದೀತೆಂದು. ಏನೂ ಆಗಲಿಲ್ಲ. ಆ ಜನವರಿಯ ಬೆಳಿಗ್ಗೆಯೂ ಇಲ್ಲ ಅನ್ನುವುದು ಇಷ್ಟೇ ಸಲೀಸಾಗಿತ್ತು. ತೆರೆದ ಟ್ರಂಕಿನ ಪಕ್ಕದಲ್ಲಿ ನೆಲದ ಮೇಲೇ ಕುಸಿದು, ಮಗ ಸತ್ತ ಸುದ್ದಿ ಬಂದ ದಿನವೂ ಅಳದ ಹಾಗೆ, ಬೀದಿಗೆ ಕೇಳುವಂತೆ ಬಾಯಿಬಿಟ್ಟು ಅತ್ತಳು.

ಎಗ್ಬರ್ಟ್ ಗಾಬರಿಯಾಗಿ ಬಗ್ಗಿದ. “ಅಳೋದ್ಯಾಕೆ ಈಗ? ನೀನು ಇಲ್ಲ ಅಂದೆ, ನಾನು ಸರಿ ಅಂದೆನಲ್ಲ. ನಾನು ಬೈಲೂ ಇಲ್ಲ!”

“ಅದಕ್ಕೇ,” ಎಂದಳು ಗೆರ್ಲಿಂಡೆ.